ಮೊದಲು ಹಣ್ಣಾದದ್ದು

ದ್ವಿತೀಯ ಪಿಯುಸಿಯ ನವೆಂಬರ್‌ನಲ್ಲಿ ನನ್ನ ಮೇಜಿನ ಮೇಲೆ 14 ಪ್ರಯೋಗಗಳ ರೆಕಾರ್ಡ್ ಬರೆಯದೆ ಉಳಿದಿತ್ತು. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ. ಒಂದೊಂದಕ್ಕೂ 70 ಅಂಕ ಥಿಯರಿ, 30 ಪ್ರಾಕ್ಟಿಕಲ್. ರೆಕಾರ್ಡ್‌ಗೆ ಸಹಿ ಬೀಳದಿದ್ದರೆ ಆ 30ಕ್ಕೇ ಪೆಟ್ಟು. ಎಲ್ಲ ಗೊತ್ತಿತ್ತು. ಆದರೂ ಪುಸ್ತಕ ತೆರೆಯಲು ಆಗುತ್ತಿರಲಿಲ್ಲ.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಜೂನ್‌ನಲ್ಲಿ ಮಳೆ ಹಿಡಿದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಕೆಲವು ಸಲ ಮೂರ್ನಾಲ್ಕು ದಿನ. "ಕರೆಂಟ್ ಬರಲಿ, ಬರೀತೇನೆ" ಅಂದುಕೊಳ್ಳುತ್ತಿದ್ದೆ. ಬಂದ ಕೂಡಲೇ ಮೊಬೈಲ್ ಚಾರ್ಜ್‌ಗೆ ಹಾಕಿ ಅದರಲ್ಲೇ ಮುಳುಗುತ್ತಿದ್ದೆ. ಆಮೇಲೆ ಕೈಲ್‌ಪೋಳ್ದ್ ಹಬ್ಬ ಮುಗಿಯಲಿ, ತುಲಾ ಸಂಕ್ರಮಣ ಮುಗಿಯಲಿ ಅಂತ.

ಮನೆಯಲ್ಲಿ ಸೋಮಾರಿತನ ಅನ್ನುತ್ತಿದ್ದರು. ನನಗೆ ಹಾಗನ್ನಿಸುವುದಿಲ್ಲ. ರಜೆಯಲ್ಲಿ ಇಡೀ ದಿನ ತೋಟದಲ್ಲಿ ದುಡಿಯುತ್ತಿದ್ದೆ. ರೆಕಾರ್ಡ್ ಕಂಡರೆ ಮಾತ್ರ ಹೊಟ್ಟೆ ಕಿವುಚಿದ ಹಾಗಾಗುತ್ತಿತ್ತು. ಯಾಕೆಂದರೆ 14ನ್ನೂ ಒಟ್ಟಿಗೆ ನೋಡುತ್ತಿದ್ದೆ. ಅದರಲ್ಲೂ ಮೊದಲು ನೆನಪಾಗುತ್ತಿದ್ದದ್ದು ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪರೀಕ್ಷಿಸಿ ಕಂಡುಹಿಡಿಯುವುದು. ಅದು ನನಗೆ ಅರ್ಥವೇ ಆಗಿರಲಿಲ್ಲ.

ಆಗ ತೋಟದಲ್ಲಿ ಅರೇಬಿಕಾ ಫ್ಲೈ ಪಿಕ್ಕಿಂಗ್ ಶುರುವಾಗಿತ್ತು. ಕಾಫಿ ಎಲ್ಲ ಒಂದೇ ಸಲ ಹಣ್ಣಾಗುವುದಿಲ್ಲ ಅಲ್ವಾ? ಒಂದೇ ಗೊಂಚಲಲ್ಲಿ ಕೆಂಪೂ ಇರುತ್ತದೆ, ಹಸಿರೂ ಇರುತ್ತದೆ. ಈ ಮೊದಲ ಸುತ್ತಿನಲ್ಲಿ ಕೆಂಪಾದದ್ದನ್ನು ಮಾತ್ರ ಬಿಡಿಸುತ್ತೇವೆ. ನಾನು ಅವಸರದಲ್ಲಿ ಹಸಿರು ಕಾಯಿಯನ್ನೂ ಕಿತ್ತೆ. "ಅದು ಇರಲಿ ಮಗಾ, ಅದರ ಸುತ್ತು ಬರ್ತದೆ" ಅಂದರು ಅಪ್ಪ.

ಆ ರಾತ್ರಿ 14 ಪ್ರಯೋಗಗಳ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದೆ. ಚೆನ್ನಾಗಿ ಅರ್ಥವಾಗಿದ್ದಕ್ಕೆಲ್ಲ ಕೆಂಪು ಪೆನ್ನಲ್ಲಿ ಚುಕ್ಕೆ ಇಟ್ಟೆ. ಓಮ್‌ನ ನಿಯಮ, ಪೀನ ಮಸೂರ, ಈರುಳ್ಳಿ ಬೇರಿನ ತುದಿಯ ಕೋಶ ವಿಭಜನೆ, ಹೀಗೆ ಐದು ಸಿಕ್ಕಿದವು. ನಾನು ಅಂದುಕೊಂಡಷ್ಟು ಕಷ್ಟದ ರಾಶಿ ಅದಾಗಿರಲಿಲ್ಲ. ಮೊಬೈಲನ್ನು ಅವ್ವನ ಕೈಗೆ ಕೊಟ್ಟೆ. ಅಲಾರಂ ಗಡಿಯಾರಕ್ಕೆ 15 ನಿಮಿಷ ಇಟ್ಟು ಮಸೂರದ ಪ್ರಯೋಗಕ್ಕೆ ಕೂತೆ.

ಗಡಿಯಾರ ಇಟ್ಟು ಓದುವ ಈ ಕ್ರಮಕ್ಕೆ ಪೊಮೊಡೊರೊ ಅಂತ ಹೆಸರಿದೆ ಎಂದು ಆಮೇಲೆ ತಿಳಿಯಿತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟು ಶುರು ಮಾಡಿದ್ದಂತೆ. ಅದರಲ್ಲಿ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನನಗೆ ಮೊದಮೊದಲು 25 ಜಾಸ್ತಿಯಾಗುತ್ತಿತ್ತು. ಎರಡು ವಾರ 15ರಲ್ಲೇ ಇದ್ದೆ.

ಇನ್ನೊಂದು ಅಭ್ಯಾಸ ನನಗೆ ಗಡಿಯಾರಕ್ಕಿಂತ ಹೆಚ್ಚು ನೆರವಾಯಿತು. ರಾತ್ರಿ ಮಲಗುವ ಮುಂಚೆ ಚಿತ್ರವನ್ನು ಪೂರ್ತಿ ಮಾಡುತ್ತಿರಲಿಲ್ಲ. ಮೀಟರ್ ಬ್ರಿಡ್ಜ್ ಸರ್ಕ್ಯೂಟನ್ನು ಅರ್ಧ ಎಳೆದು, ಪುಸ್ತಕ ತೆರೆದೇ ಇಟ್ಟು, ಮೇಲೆ ಪೆನ್ಸಿಲ್, ಸ್ಕೇಲ್ ಇಡುತ್ತಿದ್ದೆ. ಮಾರನೇ ದಿನ ಖಾಲಿ ಹಾಳೆ ಎದುರಾಗುತ್ತಿರಲಿಲ್ಲ. ಎರಡು ಗೆರೆ ಎಳೆಯುವುದಿತ್ತು, ಅಷ್ಟೇ. ಎಳೆದ ಮೇಲೆ ಕೈ ತಾನಾಗಿ ಮುಂದಕ್ಕೆ ಹೋಗುತ್ತಿತ್ತು.

ಪುತ್ತರಿ ಹಬ್ಬಕ್ಕೆ ಮನೆ ತುಂಬ ನೆಂಟರು. ಐದು ದಿನ ಒಂದಕ್ಷರ ಬರೆಯಲಿಲ್ಲ. ಮೊದಲಾದರೆ ಅಲ್ಲಿಗೇ ಕೈಬಿಡುತ್ತಿದ್ದೆ. ಈ ಸಲ ಹಾಳೆ ತೆಗೆದು, ಉಳಿದದ್ದರಲ್ಲಿ ಸುಲಭದ್ದನ್ನೇ ಹುಡುಕಿ ಕೂತೆ.

ಕೊನೆಗೆ ಸಾಲ್ಟ್ ಅನಾಲಿಸಿಸ್ ಉಳಿಯಿತು. ಕಾಫಿ ಬಿಸಿಲಿಗೆ ತಾನಾಗಿ ಹಣ್ಣಾಗುತ್ತದೆ, ಪಾಠ ಹಾಗಾಗುವುದಿಲ್ಲ. ಹೆದರಿಕೊಂಡೇ ಕೆಮಿಸ್ಟ್ರಿ ಲೆಕ್ಚರರ್ ಹತ್ತಿರ ಹೋಗಿ, "ಸರ್, ಇದು ನನಗೆ ಮೊದಲಿನಿಂದಲೂ ಅರ್ಥವಾಗಿಲ್ಲ" ಅಂದೆ. ಬೈಯಲಿಲ್ಲ. ಊಟದ ಬಿಡುವಿನಲ್ಲಿ ಲ್ಯಾಬ್‌ಗೆ ಕರೆದು ನೈಟ್ರೇಟ್ ಪರೀಕ್ಷೆ ಮಾಡಿಸಿದರು. ಟ್ಯೂಬಿನ ಗೋಡೆಗುಂಟ ಆಸಿಡ್ ನಿಧಾನಕ್ಕೆ ಇಳಿಸಿದಾಗ ಎರಡು ದ್ರವ ಸೇರುವಲ್ಲಿ ಕಂದು ಉಂಗುರ ಮೂಡಿತು. ಅವತ್ತು ಸಂಜೆ ಬಸ್ಸಿಳಿದವನು ಯೂನಿಫಾರ್ಮ್ ಬದಲಿಸದೆ ಅದನ್ನು ಬರೆದೆ.