ಪೊಟ್ಟಣದ ಮೇಲಿನ ದಿನಾಂಕ ಮತ್ತು ನಮ್ಮ ಹಾಸ್ಟೆಲಿನ ಉಗ್ರಾಣ

ತುಮಕೂರಿನ ಬಟವಾಡಿಯಲ್ಲಿರುವ ವಿದ್ಯಾರ್ಥಿನಿಯರ ಹಾಸ್ಟೆಲೊಂದರ ಅಡುಗೆಮನೆ ಹಾಗೂ ಉಗ್ರಾಣದ ಹೊಣೆ ನನ್ನದು. ಹಾಸ್ಟೆಲಿನಲ್ಲಿ ಆಹಾರ ಹಾಳಾಗುತ್ತದೆ ಎಂದರೆ ಎಲ್ಲರಿಗೂ ನೆನಪಾಗುವುದು ತಟ್ಟೆಯಲ್ಲಿ ಉಳಿಸಿದ ಅನ್ನ. ಆದರೆ ಒಲೆಯನ್ನೇ ಕಾಣದೆ, ಸೀಲು ಕೂಡ ಒಡೆಯದೆ ಕಸದ ಡಬ್ಬಿ ಸೇರುವ ಪೊಟ್ಟಣಗಳೂ ಇವೆ, ಅವುಗಳಲ್ಲಿ ಹಲವು ಕೆಟ್ಟಿರುವುದೇ ಇಲ್ಲ. "ಡೇಟ್ ಮುಗ್ದೈತೆ ಅಕ್ಕ" ಎಂದು ಅಡುಗೆಯವರು ಎಸೆಯಲು ತೆಗೆದಿಟ್ಟವನ್ನೆಲ್ಲ ಒಂದೊಂದಾಗಿ ಓದುವ ಅಭ್ಯಾಸವನ್ನು ನಾನು ಬೆಳೆಸಿಕೊಂಡದ್ದು ಈ ಕಾರಣಕ್ಕೆ.

ಓದಿದಾಗ ಮೊದಲು ಕಂಡದ್ದು, ಹಲವು ಪೊಟ್ಟಣಗಳಲ್ಲಿ ಪ್ಯಾಕ್ ಮಾಡಿದ ದಿನಾಂಕವನ್ನೇ ಮುಗಿಯುವ ದಿನಾಂಕವೆಂದು ತಿಳಿಯಲಾಗಿತ್ತು. ಎರಡೂ ಅಕ್ಕಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ, ಕೆಲವೊಮ್ಮೆ ಅಂಚಿನ ಮಡಿಕೆಯೊಳಗೆ ಅಡಗಿರುತ್ತವೆ. ಮೂರು ತಿಂಗಳಿಗಿಂತ ಹೆಚ್ಚು ಬಾಳುವ ಪದಾರ್ಥಗಳ ಮೇಲೆ ತಿಂಗಳು ಮತ್ತು ವರ್ಷವನ್ನಷ್ಟೇ ಮುದ್ರಿಸಲು ಅವಕಾಶವಿದೆ. ಅಂಥ ಪೊಟ್ಟಣವನ್ನು ಆ ತಿಂಗಳ ಮೊದಲ ದಿನವೇ ಎಸೆಯಬೇಕಾಗಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ 'ಬೆಸ್ಟ್ ಬಿಫೋರ್' ಮತ್ತು 'ಯೂಸ್ ಬೈ' ನಡುವಿನದು. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರಲ್ಲಿ ಹೊರಡಿಸಿದ ಲೇಬಲ್ ನಿಯಮಗಳ ಪ್ರಕಾರ ಬೆಸ್ಟ್ ಬಿಫೋರ್ ದಿನಾಂಕವು ಪದಾರ್ಥದ ರುಚಿ, ಪರಿಮಳ, ಗರಿಮುರಿ ಮುಂತಾದ ಗುಣಗಳು ಪೂರ್ತಿಯಾಗಿ ಉಳಿಯುವ ಅವಧಿಯನ್ನು ತಿಳಿಸುತ್ತದೆ. ಅದು ದಾಟಿದ ಮೇಲೂ ಆಹಾರ ಸುರಕ್ಷಿತವಾಗಿಯೇ ಇರಬಹುದು. ಯೂಸ್ ಬೈ ಅಥವಾ ಎಕ್ಸ್‌ಪೈರಿ ಹಾಗಲ್ಲ, ಆ ದಿನಾಂಕದ ನಂತರ ಪದಾರ್ಥವನ್ನು ಮಾರುವಂತೆಯೇ ಇಲ್ಲ. ಈಗಿನ ನಿಯಮದಲ್ಲಿ ಎಕ್ಸ್‌ಪೈರಿ ಕಡ್ಡಾಯ, ಬೆಸ್ಟ್ ಬಿಫೋರ್ ಐಚ್ಛಿಕ. ಆದ್ದರಿಂದ ಎರಡೂ ಇರುವ ಪೊಟ್ಟಣದಲ್ಲಿ ಬೆಸ್ಟ್ ಬಿಫೋರ್ ದಿನಾಂಕ ನೋಡಿ ಎಸೆದರೆ, ಎಕ್ಸ್‌ಪೈರಿ ಬರುವವರೆಗೆ ಬಳಸಬಹುದಾಗಿದ್ದ ಆಹಾರ ಸುಮ್ಮನೆ ಹೋಗುತ್ತದೆ.

ನಾನು ಅಡುಗೆ ಮಾಡಿಸುವುದು ಪರರ ಮಕ್ಕಳಿಗೆ. ಹಾಗಾಗಿ ಎಕ್ಸ್‌ಪೈರಿ ದಾಟಿದ ಬೇಳೆಯ ಪೊಟ್ಟಣ ನೋಡಲು ಎಷ್ಟೇ ಚೆನ್ನಾಗಿದ್ದರೂ ನಮ್ಮ ಒಲೆಗೆ ಏರುವುದಿಲ್ಲ. ಈ ವಿಷಯದಲ್ಲಿ ರಾಜಿ ಇಲ್ಲವಾದ್ದರಿಂದ, ಯಾವುದೂ ಆ ದಿನದವರೆಗೆ ಮೂಲೆಯಲ್ಲಿ ಕುಳಿತಿರದಂತೆ ನೋಡಿಕೊಳ್ಳುವುದೇ ನನ್ನ ಮುಖ್ಯ ಕೆಲಸವಾಯಿತು.

ಇದಕ್ಕೆ ಅಡ್ಡಿಯಾಗಿದ್ದದ್ದು ಡಬ್ಬಿಗಳು. ಪೊಟ್ಟಣ ಒಡೆದು ಸ್ಟೀಲ್ ಡಬ್ಬಿಗೆ ಸುರಿದ ಕ್ಷಣದಲ್ಲಿ ದಿನಾಂಕವೂ ಕಸಕ್ಕೆ ಹೋಗುತ್ತದೆ. ಆಮೇಲೆ ಯಾರಿಗೂ ನೆನಪಿರುವುದಿಲ್ಲ, ಅನುಮಾನ ಬಂದಾಗ ಡಬ್ಬಿಯನ್ನೇ ಖಾಲಿ ಮಾಡಿಬಿಡುತ್ತಾರೆ. ಈಗ ಲೇಬಲ್ಲಿನ ದಿನಾಂಕವಿರುವ ಭಾಗವನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿ, ಅದರ ಕೆಳಗೆ ಸೀಲು ಒಡೆದ ದಿನವನ್ನು ಬರೆಯುತ್ತೇವೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದನ್ನು ಪೂರ್ತಿ ನಿಲ್ಲಿಸಿದ್ದೇವೆ, ಏಕೆಂದರೆ ಹಾಗೆ ಮಾಡಿದರೆ ತಳದ ರವೆ ತಿಂಗಳುಗಟ್ಟಲೆ ತಳದಲ್ಲೇ ಉಳಿದು, ಅದರಲ್ಲಿ ಹುಟ್ಟಿದ ಹುಳು ಮೇಲಿನ ಹೊಸ ರವೆಯನ್ನೂ ಕೆಡಿಸುತ್ತದೆ. ಕಪಾಟಿನಲ್ಲಿ ಮುಂದಿನ ಸಾಲಿಗೆ ಬರುವುದು ಮೊದಲು ಕೊಂಡದ್ದಲ್ಲ, ಮೊದಲು ಮುಗಿಯುವುದು. ಅಂಗಡಿಯಿಂದ ತಡವಾಗಿ ಬಂದ ಸರಕಿಗೆ ಕೆಲವೊಮ್ಮೆ ಕಡಿಮೆ ಅವಧಿ ಉಳಿದಿರುತ್ತದೆ.

ಸೀಲು ಒಡೆದ ದಿನವನ್ನು ಬರೆಯಲು ಇನ್ನೊಂದು ಕಾರಣವಿದೆ. ಮುದ್ರಿತ ದಿನಾಂಕವು ಲೇಬಲ್ಲಿನಲ್ಲಿ ಹೇಳಿದಂತೆ ಸಂಗ್ರಹಿಸಿದ, ಸೀಲು ಒಡೆಯದ ಪೊಟ್ಟಣಕ್ಕೆ ಮಾತ್ರ ಅನ್ವಯಿಸುತ್ತದೆ. ಕೆಲವೇ ಸೆಕೆಂಡುಗಳ ಕಾಲ 135 ಡಿಗ್ರಿಗೂ ಮೀರಿ ಕಾಯಿಸಿ ತುಂಬಿದ ಯುಎಚ್‌ಟಿ ಹಾಲು ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಇರುತ್ತದೆ, ಆದರೆ ತೆರೆದ ಮೇಲೆ ಅದೂ ಸಾಧಾರಣ ಹಾಲಿನಂತೆಯೇ ಕೆಡುತ್ತದೆ.

ಬೆಸ್ಟ್ ಬಿಫೋರ್ ದಾಟಿ, ಎಕ್ಸ್‌ಪೈರಿಗೆ ಇನ್ನೂ ಸಮಯವಿರುವ ಸಾರಿನ ಪುಡಿ, ಬಿಸ್ಕತ್ತು, ಅವಲಕ್ಕಿಗಳನ್ನು ಬಿಚ್ಚಿ ಬಣ್ಣ, ವಾಸನೆ, ಹುಳು ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು ತೀರ್ಮಾನಿಸುತ್ತೇನೆ. ಪುಡಿಯ ಘಮ ಇಳಿದಿದ್ದರೆ ಹುಳಿಗೆ ಸ್ವಲ್ಪ ಹೆಚ್ಚು ಹಾಕುತ್ತೇವೆ, ಅಷ್ಟೇ. ಹಾಲು, ಪನೀರ್‌ಗಳಿಗೆ ಈ ಪರೀಕ್ಷೆ ಸಲ್ಲದು. ರೋಗ ತರುವ ಬ್ಯಾಕ್ಟೀರಿಯಾಗಳು ಬೆಳೆದಿದ್ದರೂ ವಾಸನೆ, ರುಚಿಗಳಲ್ಲಿ ವ್ಯತ್ಯಾಸ ತಿಳಿಯದೇ ಇರಬಹುದು. ದಿನಾಂಕ ಇನ್ನೂ ಉಳಿದಿದೆ ಎಂಬ ಕಾರಣಕ್ಕೆ ಬೂಷ್ಟು ಹಿಡಿದ ಬ್ರೆಡ್ಡಿನ ಅಂಚನ್ನು ಕತ್ತರಿಸಿ ಬಳಸುವುದೂ ಬೇಡ, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೂ ಹಬ್ಬಿರುತ್ತವೆ. ಮುಗ್ಗಿದ ಕಡಲೇಕಾಯಿ ಬೀಜವನ್ನು ನಾನು ಯೋಚಿಸದೆ ಎಸೆಯುತ್ತೇನೆ. ಅದರಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಾಟಾಕ್ಸಿನ್ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಕೊಳ್ಳುವ ಕ್ರಮವನ್ನೂ ಬದಲಿಸಿಕೊಂಡಿದ್ದೇನೆ. ನಮ್ಮ ಸೀಮೆಯ ಹಿರಿಯರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಅದೇ ರಾಗಿ ಹಿಟ್ಟಾದರೆ ಅದರ ಕೊಬ್ಬಿನಂಶಕ್ಕೆ ಗಾಳಿ ತಾಗಿ ಬೇಗನೆ ಕಹಿ ಬರುತ್ತದೆ. ಆದ್ದರಿಂದ ಹಿಟ್ಟಿನ ಪೊಟ್ಟಣ ಬಿಟ್ಟು, ಕಾಳನ್ನೇ ತರಿಸಿ, ಮುದ್ದೆಗೆ ಬೇಕಾದಷ್ಟನ್ನು ಆಗಾಗ ಮಿಲ್ಲಿನಲ್ಲಿ ಬೀಸಿಸುತ್ತೇವೆ. ವಾರದ ಅಡುಗೆಪಟ್ಟಿ ಬರೆಯುವ ಮೊದಲು ಕಪಾಟಿನ ಮುಂದಿನ ಸಾಲನ್ನು ನೋಡುತ್ತೇನೆ: ಶಾವಿಗೆಯ ಕೊನೆಯ ದಿನಾಂಕ ಹತ್ತಿರವಾಗಿದ್ದರೆ ಚಿತ್ರಾನ್ನದ ದಿನ ಶಾವಿಗೆ ಉಪ್ಪಿಟ್ಟು ಬರುತ್ತದೆ. ಮಂಡಿಪೇಟೆಯ ಸಗಟು ಅಂಗಡಿಗಳಲ್ಲಿ ಅವಧಿ ಮುಗಿಯುತ್ತ ಬಂದ ಸರಕು ಕಡಿಮೆ ಬೆಲೆಗೆ ಸಿಗುವುದುಂಟು. ಆಗ ಬೆಲೆಗಿಂತ ಮೊದಲು ದಿನಾಂಕ ಕೇಳುತ್ತೇನೆ, ಆ ವಾರದ ಪಟ್ಟಿಯಲ್ಲಿ ಜಾಗವಿದ್ದರೆ ಮಾತ್ರ ತರಿಸುತ್ತೇನೆ.