ನಾಳೆಯ ಕರೆಂಟ್ ದರ ಅಂದಾಜು ಮಾಡೋದು ಹೇಗೆ?

ಇದು ಮನೆಯ ಬಿಲ್ಲಿನ ದರವಲ್ಲ, ಸಗಟು ದರ. ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಅನ್ನೋ ವಿದ್ಯುತ್ ವಿನಿಮಯ ಕೇಂದ್ರದ ಡೇ ಅಹೆಡ್ ಮಾರುಕಟ್ಟೆಯಲ್ಲಿ, ಅಂದರೆ ನಾಳೆಯ ಕರೆಂಟನ್ನು ಇವತ್ತೇ ಕೊಳ್ಳುವ, ಮಾರುವ ಕಡೆ, ನಾಳೆಗೆ 96 ದರ ಇರುತ್ತವೆ, 15 ನಿಮಿಷದ ಒಂದೊಂದು ಬ್ಲಾಕಿಗೆ ಒಂದು. ಎಲ್ಲವನ್ನೂ ಒಂದೇ ಸೂತ್ರಕ್ಕೆ ತುರುಕಬೇಡಿ. ನಾನು ಮೊದಲು ಹಾಗೇ ಮಾಡಿದ್ದೆ. ಸಂಜೆ ಏಳರ ಅಂದಾಜು ಪ್ರತಿದಿನ ಕಡಿಮೆಯೇ ಬರುತ್ತಿತ್ತು. ಮಧ್ಯಾಹ್ನ ಸೋಲಾರ್ ಧಾರಾಳ, ದರ ಇಳಿಯುತ್ತದೆ. ಹೊತ್ತು ಮುಳುಗಿದ ಮೇಲೆ ಸೋಲಾರ್ ಇಲ್ಲ, ಮನೆಮನೆಯ ದೀಪ, ಫ್ಯಾನು ಮಾತ್ರ ಓಡುತ್ತಲೇ ಇರುತ್ತವೆ ಅಲ್ವಾ?

ಅದಕ್ಕೇ ಪ್ರತಿ ಬ್ಲಾಕಿಗೂ ಬೇರೆ ಲೆಕ್ಕ ಕಟ್ಟಿ. ನಿನ್ನೆ ಅದೇ ಹೊತ್ತಿನ ದರ, ಹೋದ ವಾರ ಅದೇ ದಿನದ ದರ, ಒಟ್ಟು ಬೇಡಿಕೆಯಲ್ಲಿ ಗಾಳಿ, ಸೋಲಾರ್ ಕಳೆದು ಉಳಿದದ್ದು. ಶುರುವಿಗೆ ಇಷ್ಟು ಸಾಕು. ಮೂರನೆಯದೇ ಜಾಸ್ತಿ ಮುಖ್ಯ.

2023ರ ಏಪ್ರಿಲ್‌ನಲ್ಲಿ ದರದ ಗರಿಷ್ಠ ಮಿತಿ ಯೂನಿಟ್ಟಿಗೆ 12ರಿಂದ 10 ರೂಪಾಯಿಗೆ ಇಳಿಯಿತು. ಮಿತಿ ಮುಟ್ಟಿದ ಬ್ಲಾಕುಗಳಲ್ಲಿ ನಿಜವಾದ ಕೊರತೆ ದರದಲ್ಲಿ ಕಾಣುವುದಿಲ್ಲ. ಅವಕ್ಕೆ ಗುರುತು ಹಾಕಿ, ಬೇರೆಯೇ ಇಡಿ.