ಮಾಡಿ ಮುಗಿಸದೆ ಪುಟ ತಿರುಗಿಸಲಿಲ್ಲ: ನನ್ನ ಅನುಭವ

ಸತ್ಯವೇದದ ಮತ್ತಾಯ 5ರಿಂದ 7ನೇ ಅಧ್ಯಾಯದವರೆಗೆ, ಅಂದರೆ ಯೇಸುವಿನ ಬೆಟ್ಟದ ಪ್ರಸಂಗದಲ್ಲಿ, 111 ವಚನಗಳಿವೆ. ಸುಮ್ಮನೆ ಓದಿದರೆ ಕಾಲು ಗಂಟೆ ಸಾಕು. ಒಂದು ವಚನ ಹೇಳಿದ್ದನ್ನು ಮಾಡಿದ ಮೇಲೆಯೇ ಮುಂದಿನದನ್ನು ಓದಿದ್ದರಿಂದ ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ನಮ್ಮ ಸಭೆಯ ಹಿರಿಯರೊಬ್ಬರು, "ಬ್ರದರ್, ಇದು ಕ್ರಿಯೆಗಳಿಂದ ರಕ್ಷಣೆ ಹುಡುಕೋ ದಾರಿ. ಎಫೆಸ 2:8 ಮರೆತ್ರಾ?" ಅಂದಿದ್ದರು. ರಕ್ಷಣೆ ಕೃಪೆಯಿಂದಲೇ, ನಂಬಿಕೆಯ ಮೂಲಕ ಅನ್ನುವ ವಚನ ಅದು. ಬಳ್ಳಾರಿಯಲ್ಲಿ ನನ್ನದು ಜೀನ್ಸ್ ಹೊಲಿಸುವ ಧಂದೆ. ಅದೇ ಧಂದೆಯ ಗೆಳೆಯರು, "ಹಿಂಗೆ ಮಾಡಿದ್ರೆ ಆರು ತಿಂಗ್ಳಿಗೆ ಷಟರ್ ಎಳೀಬೇಕಾಗ್ತೈತೆ ನೋಡು" ಅಂದರು. ಷಟರ್ ಇವತ್ತಿಗೂ ತೆರೆದಿದೆ. ಆ ಹಿರಿಯರ ಮಗನೇ ಈಗ ನನ್ನಂತೆ ನೋಟ್‌ಬುಕ್ ಇಟ್ಟಿದ್ದಾನೆ.

ಇದಕ್ಕೆ ಮುಂಚೆ ನಾನು ಮಾಡದ್ದೇನೂ ಇಲ್ಲ. ವರ್ಷಕ್ಕೊಂದು ಸಲ ಸತ್ಯವೇದ ಮುಗಿಸುವ ಪಟ್ಟಿ, 40 ದಿನದ ಉಪವಾಸ ಪ್ರಾರ್ಥನೆ, ತಿಂಗಳಿಗೊಂದು ರಾತ್ರಿ ಜಾಗರಣೆ, ಎಲ್ಲ ಆಯಿತು. ಆರಾಧನೆಯಲ್ಲಿ ಕಣ್ಣೀರು ಬರುತ್ತಿತ್ತು. ಸೋಮವಾರ ಕಟಿಂಗ್ ಟೇಬಲ್ ಹತ್ತಿರ ನಿಂತರೆ ಅದೇ ಸಿಟ್ಟು, ಅದೇ ಭಯ. ಹತ್ತು ವರ್ಷದ ವಿಶ್ವಾಸಿ ಅನಿಸಿಕೊಂಡಿದ್ದೆ, ಒಂದೇ ವರ್ಷವನ್ನು ಹತ್ತು ಸಲ ಬಾಳಿದ್ದೆ.

ನೋಟ್‌ಬುಕ್‌ನಲ್ಲಿ ಎಡಗಡೆ ವಚನ, ಬಲಗಡೆ ಒಬ್ಬರ ಹೆಸರು ಮತ್ತು ಒಂದು ದಿನ. ಅಷ್ಟೇ. 'ಎಲ್ಲರನ್ನೂ ಪ್ರೀತಿಸಬೇಕು' ಅಂತ ಬರೆದರೆ ಅದು ಲೆಕ್ಕಕ್ಕಿಲ್ಲ. ಹೆಸರಿನ ಮುಂದೆ ಗುರುತು ಬೀಳುವ ತನಕ ಮುಂದಿನ ವಚನಕ್ಕೆ ಹೋಗುವ ಹಾಗಿಲ್ಲ. ಯಾರ ಹೆಸರನ್ನು ಮೊದಲು ಬರೆಯಬೇಕು ಅನ್ನುವುದಕ್ಕೆ ನನ್ನದೊಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಕೂತವರಿಗೆ ಮಾತ್ರ ಹೇಳುತ್ತೇನೆ.

ಮತ್ತಾಯ 5:23-24ರಲ್ಲೇ ತಿಂಗಳುಗಟ್ಟಲೆ ನಿಂತೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಅನ್ನುವ ಮಾತು ಅದು. ಸಿರುಗುಪ್ಪದ ಗದ್ದೆಯ ವಿಷಯದಲ್ಲಿ ಅಣ್ಣನಿಗೂ ನನಗೂ ವರ್ಷಗಳಿಂದ ಮಾತಿರಲಿಲ್ಲ. ಹೋದೆ. ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದ. ಮತ್ತೆ ಹೋದೆ, ಅತ್ತಿಗೆ "ಅವ್ರು ಮನ್ಯಾಗಿಲ್ಲಪ್ಪ" ಅಂದರು. ಒಳಗೆ ಅವನ ಕೆಮ್ಮು ಕೇಳುತ್ತಿತ್ತು. ಹೀಗೆ ಎಷ್ಟೋ ಸಲ. ಕೊನೆಗೆ ನೆಲ್ಲು ಕೊಯ್ಲಿನ ಹೊತ್ತಿಗೆ ಅವನೇ ಫೋನ್ ಮಾಡಿ, "ಬಂದು ಊಟ ಮಾಡಿ ಹೋಗು" ಅಂದ. ಗದ್ದೆಯ ಹಂಚಿಕೆ ಇನ್ನೂ ಹಾಗೇ ಇದೆ. ಆದರೆ ಆ ತಿಂಗಳುಗಳಲ್ಲಿ ಮಾಡಿದಂಥ ಪ್ರಾರ್ಥನೆಯನ್ನು ಯಾವ ಜಾಗರಣೆಯಲ್ಲೂ ನಾನು ಮಾಡಿರಲಿಲ್ಲ.

ದುಡ್ಡಿನ ಪೆಟ್ಟು ಬಿದ್ದದ್ದು 7:12ರಲ್ಲಿ, ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ ಅನ್ನುವಲ್ಲಿ. ಬರೆಯಬೇಕಾದ ಹೆಸರುಗಳು ನನ್ನ ಮೆಷಿನ್‌ಗಳ ಮುಂದೆಯೇ ಕೂತಿದ್ದವು. ಜೊತೆಗೆ ಧರ್ಮೋಪದೇಶಕಾಂಡ 24:15 ನೆನಪಾಯಿತು, ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು. ನಮ್ಮ ಬಳ್ಳಾರಿ ಧಂದೆ ಹೀಗೆ: ವ್ಯಾಪಾರಿ ಒಂದೂವರೆ ಎರಡು ತಿಂಗಳಿಗೆ ದುಡ್ಡು ಕೊಡುತ್ತಾನೆ, ಆದ್ದರಿಂದ ಬಟವಾಡೆಯೂ ಜಾರುತ್ತದೆ. ನಾನು ಶನಿವಾರ ಸಂಜೆ ಆರರೊಳಗೆ ಪೂರ್ತಿ ಬಟವಾಡೆ ಅಂತ ಬರೆದು ದಿನ ಹಾಕಿದೆ. ವಾರಕ್ಕೆ 30-35 ಸಾವಿರ ಬೇಕು. ಮೊದಲ ತಿಂಗಳು ಹೇಗೋ ಆಯಿತು. ಆಮೇಲೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದೆ. ಅದೂ ಸಾಲದೆ ಮನೆಯವಳು ತನ್ನ ಬಳೆ ತೆಗೆದು ಅಡ ಇಡಲು ಕೊಟ್ಟಳು. ಆ ವರ್ಷ ಬಡ್ಡಿಗೇ 50-60 ಸಾವಿರ ಹೋಗಿರಬೇಕು. ವಿಧೇಯನಾದರೆ ದುಡ್ಡು ಬರುತ್ತದೆ ಅಂತ ಯಾರಾದರೂ ಸಾಕ್ಷಿ ಹೇಳಿದರೆ ನನ್ನ ಆ ವರ್ಷದ ಲೆಕ್ಕ ತೋರಿಸುತ್ತೇನೆ.

ಆದರೆ ನಂಬಿಕೆ ಅಲ್ಲೇ ಬೆಳೆಯಿತು. ಯೆಹೋಶುವ 3ರಲ್ಲಿ ಇಸ್ರಾಯೇಲ್ಯರು ದಾಟಬೇಕಿದ್ದ ಯೊರ್ದನ್ ಹೊಳೆ ಸುಗ್ಗಿಕಾಲದ ಪ್ರವಾಹದಲ್ಲಿ ದಡ ಮೀರಿತ್ತು. ಯಾಜಕರ ಕಾಲು ನೀರು ಮುಟ್ಟಿದ ಮೇಲೆ ಹೊಳೆ ನಿಂತಿತು, ಮುಂಚೆ ಅಲ್ಲ. ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳು ಶುದ್ಧರಾದದ್ದೂ ಯೇಸು ಹೇಳಿದಂತೆ ಯಾಜಕರ ಬಳಿಗೆ ಹೋಗುತ್ತಿರುವಾಗಲೇ. ನಂಬಿಕೆ ಬಲವಾದ ಮೇಲೆ ಹೆಜ್ಜೆ ಇಡುತ್ತೇನೆ ಅಂತ ಕಾಯುತ್ತಿದ್ದವನಿಗೆ ಈ ಎರಡು ಭಾಗ ಸಾಕಾಯಿತು. ಹಿರಿಯರಿಗೂ ಇದನ್ನೇ ಹೇಳಿದೆ: ಎಫೆಸ 2:8ರ ಪಕ್ಕದಲ್ಲೇ 2:10 ಇದೆ, ಸತ್ಕಾರ್ಯಗಳಿಗಾಗಿ ಸೃಷ್ಟಿಸಲ್ಪಟ್ಟವರು ನಾವು. ರಕ್ಷಣೆ ಸಂಪಾದಿಸಲು ನಾನು ಬಟವಾಡೆ ಮಾಡುತ್ತಿಲ್ಲ, ರಕ್ಷಿಸಿದವನು ಹೇಳಿದ್ದಾನೆ ಅಂತ ಮಾಡುತ್ತಿದ್ದೇನೆ. 1810ರಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದು ವಾಕ್ಯವನ್ನು ಕನ್ನಡಕ್ಕೆ ತರಲು ಕೂತ ಊರು ನಮ್ಮದು. ವಾಕ್ಯ ಕೇಳಿಲ್ಲ ಅನ್ನುವ ನೆಪ ಬಳ್ಳಾರಿಯವರಿಗೆ ಇಲ್ಲ.

ಎರಡನೇ ವರ್ಷ ಟೇಲರ್‌ಗಳು ಬಿಟ್ಟುಹೋಗುವುದು ನಿಂತಿತು. ಕೈ ಪಳಗಿದ ಮೇಲೆ ರಿಜೆಕ್ಟ್ ಪೀಸ್ ಅರ್ಧಕ್ಕಿಂತ ಕಡಿಮೆಯಾಯಿತು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನುವ 5:37ರ ಪ್ರಕಾರ ಆಗುವ ತಾರೀಕನ್ನಷ್ಟೇ ಹೇಳಿ ದೀಪಾವಳಿ ಆರ್ಡರ್ ಅದೇ ದಿನ ಕೊಟ್ಟೆ. ಒಬ್ಬ ವ್ಯಾಪಾರಿ ಅರ್ಧ ಮುಂಗಡ ಕೊಡಲು ಒಪ್ಪಿದ. ಹೇಗೆ ಒಪ್ಪಿಸಿದೆ ಅನ್ನುವುದು ಧಂದೆಯ ಗುಟ್ಟು. ಬಳೆ ಬಿಡಿಸಿಕೊಂಡು ಬಂದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬುಧವಾರ ಮಧ್ಯಾಹ್ನದ ಊಟ ಬಿಟ್ಟು ಆ ದುಡ್ಡನ್ನು ಡಬ್ಬಿಗೆ ಹಾಕುವುದು ಚೆನ್ನಾಗಿ ನಡೆಯಿತು, ವರ್ಷಕ್ಕೆ ಎರಡು ಮೂರು ಸಾವಿರ ಕೂಡಿ ಒಬ್ಬ ವಿಧವೆಯ ಮನೆಗೆ ಹೋಯಿತು. ಕರೆಂಟ್ ಹೋದಾಗ ವಚನ ಬಾಯಿಪಾಠ ಮಾಡುವುದು ಬೇಸಿಗೆಯ ಸೆಕೆಗೆ ಕೈಕೊಟ್ಟಿತು. ಯುವಕರ ಗುಂಪಿನಲ್ಲಿ ನೋಟ್‌ಬುಕ್ ಹಂಚಿದೆ, ಹದಿನೈದು ಮಂದಿಯಲ್ಲಿ ಉಳಿದವರು ನಾಲ್ವರು. ಉಳಿದ ನಾಲ್ವರೂ ಮೊದಲ ವಾರವೇ ಹೋಗಿ ಯಾರದೋ ಬಾಕಿ ತೀರಿಸಿದವರು. ಬಾಕಿಯಿಂದ ಶುರು ಮಾಡಿಸಿ, ಇದನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ.

ಮತ್ತಾಯದ ಆ ಮೂರು ಅಧ್ಯಾಯ ಮುಗಿದು ಈಗ ಲೂಕ 6:35ರಲ್ಲಿ ಇದ್ದೇನೆ, ತಿರುಗಿ ಬರುತ್ತದೆಂದು ನಿರೀಕ್ಷಿಸದೆ ಸಾಲ ಕೊಡಿ ಅನ್ನುವಲ್ಲಿ. ನನ್ನ ಹತ್ತಿರ ಕೆಲಸ ಕಲಿತು ಸ್ವಂತ ಎರಡು ಮೆಷಿನ್ ಹಾಕಿದ ಹುಡುಗ 15 ಸಾವಿರ ಕೇಳಿದ್ದಾನೆ. ಒಂಬತ್ತು ಕೂಡಿದೆ. ದಸರೆಯೊಳಗೆ ಅಂತ ದಿನ ಹಾಕಿದ್ದೇನೆ.